ಹೂ ಬಿಡದ ಬಳ್ಳಿಯ ಕುಲಗೋತ್ರ

ಕೇಳಿ ತಂದರೆ ಒಣಗುತ್ತದೆ, ಕದ್ದು ತಂದರೆ ಹಬ್ಬುತ್ತದೆ ಎಂಬ ಖ್ಯಾತಿ ಮನಿ ಪ್ಲಾಂಟಿಗಿದೆ. ಕಾಂಪೌಂಡ್ ಗೋಡೆಯಾಚೆ ಇಣುಕಿದ ಕುಡಿ ಬೆಳಗಾಗುವಷ್ಟರಲ್ಲಿ ಮಾಯವಾಗಿ, ಇನ್ಯಾರದೋ ಮನೆಯ ಕಿಟಕಿಯಲ್ಲಿ ನೀರು ತುಂಬಿದ ಗಾಜಿನ ಬಾಟಲಿ ಸೇರುವುದು ನಮ್ಮ ಊರುಗಳಲ್ಲಿ ಹೊಸದೇನಲ್ಲ. ಕಳ್ಳತನಕ್ಕೂ ಹಣಕ್ಕೂ ಏನು ನಂಟೋ, ಬಳ್ಳಿಯ ಮಟ್ಟಿಗಂತೂ ಕೇಳಿ ತಂದರೂ ಕದ್ದು ತಂದರೂ ಒಂದೇ: ಗೆಣ್ಣಿರುವ ಒಂದು ತುಂಡು ಸಿಕ್ಕರೆ ಸಾಕು, ಅದು ಬೇರು ಬಿಡುತ್ತದೆ. ಬಿಸಿಲಿಲ್ಲದ ಮೂಲೆ, ವಾರಗಟ್ಟಲೆ ಬದಲಾಗದ ನೀರು, ಮರೆತುಹೋದ ಕುಂಡ, ಯಾವುದಕ್ಕೂ ಅದರ ತಕರಾರಿಲ್ಲ. ಬಹುಶಃ ಇಂಡಿಯಾದಲ್ಲಿ ಇದಕ್ಕಿಂತ ಹೆಚ್ಚು ಮನೆಗಳಲ್ಲಿರುವ ಅಲಂಕಾರದ ಬಳ್ಳಿ ಇನ್ನೊಂದಿಲ್ಲ.

ಇಷ್ಟು ಪರಿಚಿತ ಬಳ್ಳಿ ಯಾವ ಕುಲಕ್ಕೆ ಸೇರಿದ್ದು ಎಂದು ತೀರ್ಮಾನಿಸಲು ಸಸ್ಯಶಾಸ್ತ್ರಕ್ಕೆ 84 ವರ್ಷ ಹಿಡಿಯಿತು. ನಾಲ್ಕು ಕುಲಗಳ ಬಾಗಿಲು ತಟ್ಟಿ ಬಂತು ಅದು. ಪಂಡಿತರು ದಡ್ಡರಾಗಿರಲಿಲ್ಲ. ಅವರ ಕೈಯಲ್ಲಿದ್ದದ್ದು ಎಲೆ ಮತ್ತು ಕಾಂಡ ಮಾತ್ರ, ಅದೂ ಬಳ್ಳಿಯ ಬಾಲ್ಯದ ಎಲೆ.

ಕಥೆ ಶುರುವಾಗುವುದು ಬೆಲ್ಜಿಯಂನ ಗೆಂಟ್ ಪಟ್ಟಣದಲ್ಲಿ. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಉಷ್ಣವಲಯದ ಗಿಡಗಳ ಹುಚ್ಚು ಹತ್ತಿತ್ತು. ಅದಕ್ಕೆ ದಾರಿ ಮಾಡಿಕೊಟ್ಟದ್ದು ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಕಂಡುಕೊಂಡ ಗಾಜಿನ ಪೆಟ್ಟಿಗೆ. ಮುಚ್ಚಿದ ಗಾಜಿನೊಳಗೆ ತೇವ ತಿರುತಿರುಗಿ ಬಳಕೆಯಾಗುವುದರಿಂದ ಗಿಡ ತಿಂಗಳುಗಟ್ಟಲೆ ಹಡಗಿನ ಅಟ್ಟದ ಮೇಲೆ ಬದುಕುತ್ತಿತ್ತು. 1833ರಲ್ಲಿ ಇಂಥ ಪೆಟ್ಟಿಗೆಗಳು ಲಂಡನ್ನಿನಿಂದ ಸಿಡ್ನಿಗೆ ಸುರಕ್ಷಿತವಾಗಿ ಹೋದವು. ಆಮೇಲೆ ಕಾಡುಗಳಿಂದ ಯುರೋಪಿಗೆ ಜೀವಂತ ಗಿಡಗಳ ಪ್ರವಾಹವೇ ಹರಿಯಿತು. ಬೀಜ ಕಳಿಸಿ ಮೊಳಕೆಗಾಗಿ ಕಾಯುವ ಕಷ್ಟ ತಪ್ಪಿತು. ಒಂದು ಕುಡಿ ಮುರಿದು ಕಳಿಸಿದರೂ ಆಯಿತು. ಆದರೆ ಕುಡಿ ಬರುವಾಗ ತನ್ನ ಜೊತೆ ಹೂವನ್ನಾಗಲಿ ಹಣ್ಣನ್ನಾಗಲಿ, ಎಷ್ಟೋ ಸಲ ಸರಿಯಾದ ಊರಿನ ಹೆಸರನ್ನಾಗಲಿ ತರುತ್ತಿರಲಿಲ್ಲ.

ಈ ವ್ಯಾಪಾರದ ದೊಡ್ಡ ಕುಳಗಳಲ್ಲಿ ಒಬ್ಬ ಜಾನ್ ಲಿಂಡೆನ್. ಲಕ್ಸೆಂಬರ್ಗಿನಲ್ಲಿ ಹುಟ್ಟಿ, ಯೌವನದಲ್ಲಿ ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಾಡುಗಳನ್ನು ಅಲೆದು, ಆಮೇಲೆ ಬೆಲ್ಜಿಯಂನಲ್ಲಿ ಆರ್ಕಿಡ್‌ಗಳ ಸಾಮ್ರಾಜ್ಯ ಕಟ್ಟಿದವನು. ಅವನ ಜೊತೆಗಿದ್ದವನು ಫ್ರೆಂಚ್ ಉದ್ಯಾನ ವಿನ್ಯಾಸಕ ಎದ್ವಾರ್ ಆಂದ್ರೇ. ಲಿವರ್‌ಪೂಲಿನ ಸೆಫ್ಟನ್ ಪಾರ್ಕಿನ ನಕ್ಷೆ ಮಾಡಿದವರಲ್ಲಿ ಇವನೂ ಒಬ್ಬ. ಇಂದು ಮದುವೆ ಮಂಟಪಗಳಲ್ಲೆಲ್ಲ ಕಾಣುವ ಕೆಂಪು ಆಂಥೂರಿಯಂ ಹೂವಿನ ಗಿಡವನ್ನು 1876ರಲ್ಲಿ ದಕ್ಷಿಣ ಅಮೆರಿಕದಿಂದ ತಂದವನೂ ಇವನೇ. ಇಬ್ಬರೂ ಸೇರಿ ನಡೆಸುತ್ತಿದ್ದ ಸಚಿತ್ರ ತೋಟಗಾರಿಕೆ ಪತ್ರಿಕೆಯ 1880ರ ಸಂಪುಟದಲ್ಲಿ ಒಂದು ಬಳ್ಳಿಯ ಬಣ್ಣದ ಚಿತ್ರ ಬಂತು. ಹಸಿರು ಎಲೆಯ ಮೇಲೆ ಚಿನ್ನದ ಬಣ್ಣದ ಎರಚಲು. ತವರು ಸಾಲೊಮನ್ ದ್ವೀಪಗಳು ಎಂದು ಬರೆದರು. ಹೆಸರು ಪೋಥೋಸ್ ಆರಿಯಸ್ ಎಂದಿಟ್ಟರು. ಎರಡನೆಯ ಪದ ಚಿನ್ನವನ್ನು ಹೇಳುತ್ತದೆ, ಅದರ ಬಗ್ಗೆ ಯಾರೂ ತಕರಾರು ಮಾಡಿಲ್ಲ. ಜಗಳವೆಲ್ಲ ಮೊದಲನೆಯದರದು.

ಅದು ಶಾಸ್ತ್ರಗ್ರಂಥವಲ್ಲ, ಗಿರಾಕಿಗಳ ಕಣ್ಣು ಸೆಳೆಯಲು ಹೊರಡುತ್ತಿದ್ದ ಪತ್ರಿಕೆ ಎಂಬುದನ್ನು ನೆನಪಿಡಬೇಕು. ಕೆಸುವಿನ ಕುಟುಂಬದ ಬಳ್ಳಿ ಯಾವುದೇ ಬರಲಿ, ಸುಳಿವು ಸಿಗದಿದ್ದರೆ ಪೋಥೋಸ್ ಎಂಬ ಗೂಡಿಗೆ ಹಾಕುವುದು ಆ ಕಾಲದ ರೂಢಿ. ಹೌದು, ಮನಿ ಪ್ಲಾಂಟ್ ಕೆಸುವಿನ ಬಂಧು, ಸುವರ್ಣಗಡ್ಡೆಯದೂ ಬಂಧು. ಎಲೆ ಅಗಿದ ಮಗುವಿನ ಬಾಯಿ ಉರಿಯುವುದು, ಹುಳಿ ಸಾಲದ ಪತ್ರೊಡೆ ತಿಂದವರ ಗಂಟಲು ಕೆರೆಯುವುದು, ಎರಡಕ್ಕೂ ಕಾರಣ ಒಂದೇ: ಎಲೆಯೊಳಗೆ ಕಟ್ಟುಕಟ್ಟಾಗಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳು.

ನಿಜವಾದ ಪೋಥೋಸ್ ನೋಡಬೇಕೆಂದರೆ ನಮ್ಮ ಪಶ್ಚಿಮಘಟ್ಟಕ್ಕೇ ಹೋಗಬೇಕು. ಮಲೆನಾಡಿನ ಮರಗಳ ಕಾಂಡಕ್ಕೆ ಅಂಟಿಕೊಂಡು ಏರುವ ಸಣ್ಣ ಎಲೆಯ ಬಳ್ಳಿ ಅದು. ಗುರುತು ಹಿಡಿಯುವುದು ಬಹಳ ಸುಲಭ. ಎಲೆಯ ತೊಟ್ಟು ಚಪ್ಪಟೆಯಾಗಿ, ಅಗಲವಾಗಿ, ತಾನೂ ಒಂದು ಎಲೆಯೇ ಎಂಬಂತೆ ಇರುತ್ತದೆ. ಅದರ ತುದಿಗೆ ಒಂದು ಕೀಲು, ಕೀಲಿನಾಚೆ ನಿಜವಾದ ಎಲೆ. ಕಿತ್ತಳೆ, ಹೆರಳೆ ಗಿಡಗಳ ಎಲೆ ನೋಡಿದವರಿಗೆ ಈ ಎರಡು ತುಂಡಿನ ರಚನೆ ಹೊಸದಲ್ಲ. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ಹೆಂಡ್ರಿಕ್ ವ್ಯಾನ್ ರೀಡ್, 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದ ತನ್ನ ಹನ್ನೆರಡು ಸಂಪುಟಗಳ 'ಹೋರ್ಟಸ್ ಮಲಬಾರಿಕಸ್'ನಲ್ಲಿ ಈ ಬಳ್ಳಿಯ ಚಿತ್ರವನ್ನು ಮಲಯಾಳದ ಹೆಸರಿನ ಜೊತೆಗೇ ಹಾಕಿಸಿದ್ದ. ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯರೂ, ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರೂ ಆ ಗ್ರಂಥದ ಬೆನ್ನೆಲುಬು. 1753ರಲ್ಲಿ ಲಿನೇಯಸ್ ಪೋಥೋಸ್ ಸ್ಕ್ಯಾಂಡೆನ್ಸ್ ಎಂದು ನಾಮಕರಣ ಮಾಡಿದಾಗ ಈ ಮಲಬಾರ್ ಚಿತ್ರವನ್ನು ಉಲ್ಲೇಖಿಸಿದ. ಗೆಂಟಿನ ಇಬ್ಬರು ತಮ್ಮ ಚಿನ್ನದ ಬಳ್ಳಿಯ ಪಕ್ಕದಲ್ಲಿ ಆ ಹಳೆಯ ಚಿತ್ರವನ್ನಿಟ್ಟು ತೊಟ್ಟಿಗೆ ತೊಟ್ಟು ಹೋಲಿಸಿದ್ದರೆ ಮೊದಲ ತಪ್ಪು ಅಲ್ಲೇ ತಪ್ಪುತ್ತಿತ್ತು. ಮನಿ ಪ್ಲಾಂಟಿನ ತೊಟ್ಟಿಗೆ ಮೇಲ್ಭಾಗದಲ್ಲಿ ಒಂದು ತೋಡು ಇದೆ, ಅಂಚಿನಲ್ಲಿ ಕಿರಿದಾದ ಪೊರೆ ಇದೆ, ಅಷ್ಟೇ. ಎರಡನೆಯ ಎಲೆಯಂತೆ ಅದು ಅಗಲವಾಗುವುದೇ ಇಲ್ಲ.

ಕೆಸುವಿನ ಕುಟುಂಬವನ್ನು ಕ್ರಮಕ್ಕೆ ತಂದವನು ವಿಯೆನ್ನಾದ ಹೈನ್ರಿಚ್ ವಿಲ್ಹೆಲ್ಮ್ ಶಾಟ್. ಇಪ್ಪತ್ತರ ಹರೆಯದಲ್ಲಿ ಬ್ರೆಜಿಲಿಗೆ ತೋಟಗಾರನಾಗಿ ಹೋಗಿ ಬಂದು, ಮುಂದೆ ಶೋನ್‌ಬ್ರುನ್ ಅರಮನೆಯ ಉದ್ಯಾನಗಳ ಮುಖ್ಯಸ್ಥನಾದ. ಜೀವಮಾನವಿಡೀ ಈ ಒಂದೇ ಕುಟುಂಬದ ಹಿಂದೆ ಬಿದ್ದ. ಬಿಸಿಮನೆಗಳಲ್ಲಿ ಗಿಡ ಬೆಳೆಸಿ, ಹೂ ಬಂದಾಗ ಚಿತ್ರಕಾರರಿಂದ ಬರೆಸಿದ ಚಿತ್ರಗಳೇ 3,000ಕ್ಕೂ ಹೆಚ್ಚು. ಸಿಂಡಾಪ್ಸಸ್ ಕುಲವನ್ನು 1832ರಲ್ಲಿ, ಎಪಿಪ್ರೆಮ್ನಮ್ ಕುಲವನ್ನು 1857ರಲ್ಲಿ ಸ್ಥಾಪಿಸಿದವನು ಅವನೇ. ಎಲೆಯನ್ನು ನಂಬದೆ ಹೂವಿನ ಒಳಗೆ ಇಣುಕಿ ನೋಡು ಎಂಬುದು ಅವನ ಪದ್ಧತಿ. ಅಂಡಾಶಯದಲ್ಲಿ ಒಂದೇ ಅಂಡಕವಿದ್ದರೆ ಸಿಂಡಾಪ್ಸಸ್. ಕೆಲವೇ ಅಂಡಕಗಳಿದ್ದು ಬೀಜ ಬಾಗಿ ಗಟ್ಟಿಯಾಗಿದ್ದರೆ ಎಪಿಪ್ರೆಮ್ನಮ್. ಅಂಡಕಗಳು ಹಲವಿದ್ದು ಬೀಜ ನೆಟ್ಟಗೆ ಸಣ್ಣಗಿದ್ದರೆ ರಾಫಿಡೋಫೋರಾ. ಮೂರೂ ಕುಲಗಳ ಬಳ್ಳಿಗಳನ್ನು ಮರಕ್ಕೆ ಹಬ್ಬಿಸಿ ದೂರದಿಂದ ತೋರಿಸಿದರೆ ಪರಿಣತರೂ ತಡವರಿಸುತ್ತಾರೆ. ಹಾಗಾಗಿ ಈ ಪದ್ಧತಿ ಸಮರ್ಪಕವೇ, ಆದರೆ ಹೂ ಬಿಟ್ಟ ಗಿಡಕ್ಕೆ ಮಾತ್ರ.

ಈ ಬಳ್ಳಿ ಹೂ ಬಿಡಲಿಲ್ಲ. ಹತ್ತು ವರ್ಷ ಕಳೆಯಿತು, ಇಪ್ಪತ್ತು ಕಳೆಯಿತು, ಯುರೋಪಿನ ಬಿಸಿಮನೆಗಳಲ್ಲೆಲ್ಲ ಅದು ತುಂಬಿತು, ಒಂದು ಹೂವನ್ನೂ ತೋರಿಸಲಿಲ್ಲ. 1908ರಲ್ಲಿ ಬರ್ಲಿನ್ನಿನ ಅಡಾಲ್ಫ್ ಎಂಗ್ಲರ್ ಇದನ್ನು ಸಿಂಡಾಪ್ಸಸ್ ಕುಲಕ್ಕೆ ವರ್ಗಾಯಿಸಿದರು. ಜಗತ್ತಿನ ಸಸ್ಯಗಳನ್ನೆಲ್ಲ ಕುಟುಂಬವಾರು ವಿವರಿಸುವ ಮಹಾಗ್ರಂಥಮಾಲೆಯ ಸಂಪಾದಕರು ಅವರು. ಅವರ ಮಾತನ್ನು ಯಾರು ಮೀರುತ್ತಾರೆ? ಮುಂದೆ ಅರ್ಧ ಶತಮಾನ ಜಗತ್ತಿನ ತೋಟಗಾರಿಕೆ ಪುಸ್ತಕಗಳೆಲ್ಲ ಸಿಂಡಾಪ್ಸಸ್ ಆರಿಯಸ್ ಎಂದೇ ಅಚ್ಚು ಹಾಕಿದವು. ಇಂದಿಗೂ ಹಳೆಯ ನರ್ಸರಿಗಳ ಫಲಕದಲ್ಲಿ ಈ ಹೆಸರು ಸಿಗುತ್ತದೆ.

ಇಲ್ಲೊಂದು ತಮಾಷೆ ಇದೆ. ಎಂಗ್ಲರ್ ಅವರ ಪುಸ್ತಕಕ್ಕಿಂತ ಒಂಬತ್ತು ವರ್ಷ ಮುಂಚೆ, 1899ರಲ್ಲಿ, ತಹೀಟಿಯ ನೆರೆಯ ಮೂರಿಯಾ ದ್ವೀಪದ ಒಂದು ಕಾಡುಬಳ್ಳಿಗೆ ಎಪಿಪ್ರೆಮ್ನಮ್ ಮೂರಿಯೆನ್ಸ್ ಎಂಬ ಹೆಸರು ಫ್ರೆಂಚ್ ಪತ್ರಿಕೆಯೊಂದರಲ್ಲಿ ಪ್ರಕಟವಾಗಿತ್ತು. ಇಟ್ಟವನು ತಹೀಟಿಯ ಸಸ್ಯಗಳನ್ನು ಅಭ್ಯಾಸ ಮಾಡಿದ ಫ್ರೆಂಚ್ ವೈದ್ಯ ನಾದೋ. ಕುಲ ಸರಿಯಾಗಿತ್ತು, ಊರೂ ಸರಿಯಾಗಿತ್ತು. ಆದರೆ ದೂರದ ದ್ವೀಪದ ಆ ಮರಹತ್ತುವ ಬಳ್ಳಿಗೂ ಯುರೋಪಿನ ಕಿಟಕಿಗಳಲ್ಲಿ ಜೋಲಾಡುವ ಚಿನ್ನದ ಚುಕ್ಕೆಯ ಬಳ್ಳಿಗೂ ಸಂಬಂಧವಿದೆ ಎಂದು ಯಾರಿಗೂ ಹೊಳೆಯಲಿಲ್ಲ.

ಹೊಳೆಯದೆ ಇದ್ದದ್ದು ಸಹಜವೇ. ಈ ಜಾತಿಯ ಬಳ್ಳಿಗಳಿಗೆ ಎರಡು ರೂಪ. ನೆಲದ ಮೇಲೆ ಹರಿಯುವಾಗ, ಕುಂಡದಿಂದ ಕೆಳಗೆ ಇಳಿಬಿದ್ದಾಗ, ಎಲೆ ಅಂಗೈಯಗಲ, ಹೃದಯದ ಆಕಾರ. ಅದೇ ಬಳ್ಳಿ ಮರ ಹಿಡಿದು ಮೇಲೇರಿತೆಂದರೆ ಒಂದೊಂದು ಗೆಣ್ಣಿಗೂ ಎಲೆ ಹಿಗ್ಗುತ್ತ ಹೋಗಿ, ಕೊನೆಗೆ ಒಂದು ಮೀಟರ್ ಉದ್ದಕ್ಕೂ ಬೆಳೆದೀತು. ಅಂಚಿನಿಂದ ನಡುನರದ ಕಡೆಗೆ ಸೀಳುಗಳೂ ಬೀಳುತ್ತವೆ. ಆಸರೆ ತಪ್ಪಿ ಕೆಳಗೆ ಜೋತುಬಿದ್ದರೆ ಮತ್ತೆ ಸಣ್ಣ ಎಲೆ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಮಳೆಮರಕ್ಕೋ ಸಿಲ್ವರ್ ಓಕ್‌ಗೋ ಸುತ್ತಿಕೊಂಡು ಮೊರದಗಲದ ಹರಿದ ಎಲೆ ಹೊತ್ತ ಬಳ್ಳಿ ಕಂಡು, ಇದ್ಯಾವುದೋ ಕಾಡಿನದ್ದು ಎಂದು ಮುಂದೆ ಹೋಗುವವರ ಮನೆಯಲ್ಲೇ ಅದರ ಕುಡಿ ಬಾಟಲಿಯಲ್ಲಿರುತ್ತದೆ. ಇದು ಮನಿ ಪ್ಲಾಂಟಿನ ಒಬ್ಬಂಟಿ ಕಥೆಯಲ್ಲ. ಮಾನ್‌ಸ್ಟೆರಾ ಡೆಲಿಸಿಯೋಸಾದ ಎಳೆಯ ರೂಪವನ್ನು ವ್ಯಾಪಾರಿಗಳು ಬಹುಕಾಲ ಫಿಲೋಡೆಂಡ್ರಾನ್ ಪರ್ಟೂಸಮ್ ಎಂದು ಬೇರೆಯೇ ಗಿಡವಾಗಿ ಮಾರಿದರು. ಈ ಬಳ್ಳಿಗಳ ಬದುಕೇ ಎರಡು ಅಧ್ಯಾಯದ್ದು. 1975ರಲ್ಲಿ ಕೋಸ್ಟರಿಕಾದ ಕಾಡಿನಲ್ಲಿ ಡೊನಾಲ್ಡ್ ಸ್ಟ್ರಾಂಗ್ ಮತ್ತು ಥಾಮಸ್ ರೇ ಎಂಬ ವಿಜ್ಞಾನಿಗಳು ಕಂಡಂತೆ, ಮಾನ್‌ಸ್ಟೆರಾ ಜಾತಿಯೊಂದರ ಸಸಿ ಮೊದಲು ಬೆಳಕಿನ ಕಡೆಗಲ್ಲ, ಕತ್ತಲೆಯ ಕಡೆಗೆ ಹರಿಯುತ್ತದೆ. ಕಾಡಿನ ನೆಲದಲ್ಲಿ ಅತ್ಯಂತ ಕತ್ತಲಾಗಿ ಕಾಣುವುದು ದೊಡ್ಡ ಮರದ ಬುಡ. ಅದನ್ನು ಮುಟ್ಟಿದ ಮೇಲೆ ಬಳ್ಳಿ ಮೇಲಕ್ಕೆ, ಬೆಳಕಿಗೆ ತಿರುಗುತ್ತದೆ. ಮರವೇ ಸಿಗದ ಕುಂಡದ ಬಳ್ಳಿಗೆ ಎರಡನೆಯ ಅಧ್ಯಾಯ ಇಲ್ಲವೇ ಇಲ್ಲ.

ಪಂಡಿತರು ಹೂವಿಗಾಗಿ ಕಾಯುತ್ತಿದ್ದ ಕಾಲದಲ್ಲಿ ತೋಟಗಾರರು ಕಾಯಲಿಲ್ಲ. ಅವರು ಎಲೆ, ತೊಟ್ಟು, ಗೆಣ್ಣು ನೋಡಿಯೇ ಬಳ್ಳಿ ಬಳ್ಳಿಗೆ ವ್ಯತ್ಯಾಸ ಹೇಳುವುದನ್ನು ಕಲಿತರು. ಈ ವಿದ್ಯೆಗೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ. ಹೃದಯಾಕಾರದ ಎಲೆಯ ಫಿಲೋಡೆಂಡ್ರಾನನ್ನು ಮನಿ ಪ್ಲಾಂಟ್ ಎಂದು ಮಾರುವುದುಂಟು, ಆದರೆ ಹೊಸ ಚಿಗುರು ನೋಡಿದರೆ ಗುಟ್ಟು ರಟ್ಟಾಗುತ್ತದೆ. ಫಿಲೋಡೆಂಡ್ರಾನಿನ ಹೊಸ ಎಲೆ ತೆಳುವಾದ ಪ್ರತ್ಯೇಕ ಪೊರೆಯೊಳಗೆ ಅಡಗಿ ಹುಟ್ಟುತ್ತದೆ. ಎಲೆ ಬಿಚ್ಚಿದ ಮೇಲೆ ಆ ಪೊರೆ ಕಂದು ಕಾಗದದಂತೆ ಒಣಗಿ ಗೆಣ್ಣಿನಲ್ಲೇ ನೇತಾಡಿ ಬೀಳುತ್ತದೆ. ಮನಿ ಪ್ಲಾಂಟಿಗೆ ಅಂಥ ಪೊರೆ ಇಲ್ಲ, ಹೊಸ ಎಲೆ ಹಿಂದಿನ ಎಲೆಯ ತೊಟ್ಟಿನ ತೋಡಿನಿಂದಲೇ ಸುರುಳಿ ಬಿಚ್ಚುತ್ತ ಹೊರಬರುತ್ತದೆ. ಫಿಲೋಡೆಂಡ್ರಾನಿನ ತೊಟ್ಟು ದುಂಡು, ಎಲೆ ತೆಳು, ಬುಡದ ಕಚ್ಚು ಆಳ, ಗೆಣ್ಣಿನಲ್ಲಿ ಹಲವು ಸಣ್ಣ ಬೇರು. ಮನಿ ಪ್ಲಾಂಟಿನ ಕಾಂಡದ ಮೇಲೆ ಬೆರಳಾಡಿಸಿದರೆ ಉದ್ದುದ್ದ ಏಣು ತಗಲುತ್ತದೆ, ಎಲೆ ದಪ್ಪ, ಎರಡು ಬದಿ ಸರಿಸಮ ಇರುವುದು ಅಪರೂಪ, ಗೆಣ್ಣಿನಲ್ಲಿ ಗಿಡ್ಡ ದಪ್ಪ ಬೇರು. ಬೆಳ್ಳಿಚುಕ್ಕೆಯ, ಹೊಳಪಿಲ್ಲದ ದಪ್ಪ ಎಲೆಯದು ನಿಜವಾದ ಸಿಂಡಾಪ್ಸಸ್. ಕಿತ್ತಾಗ ಹಾಲು ಒಸರಿದರೆ, ಎಲೆ ಬಾಣದ ತುದಿಯ ಹಾಗಿದ್ದರೆ, ಅದು ಸಿಂಗೋನಿಯಮ್.

ಕನ್ನಡನಾಡಿನ ಕಣ್ಣಿಗೆ ಇನ್ನೂ ಎರಡು ಬಳ್ಳಿಗಳು ಈ ಗುಂಪಿನ ಹತ್ತಿರ ಸುಳಿಯುತ್ತವೆ: ವೀಳ್ಯದೆಲೆ ಮತ್ತು ಕರಿಮೆಣಸು. ಅವುಗಳದ್ದೂ ಹೃದಯದ ಎಲೆ, ಗೆಣ್ಣಿನ ಬೇರು, ಮರ ಹತ್ತುವ ಚಾಳಿ. ಆದರೆ ಕುಟುಂಬವೇ ಬೇರೆ. ಎಲೆಯನ್ನು ಬೆಳಕಿಗೆ ಹಿಡಿದರೆ ವೀಳ್ಯದಲ್ಲಿ ದಪ್ಪ ನರಗಳು ಬುಡದ ಹತ್ತಿರದಿಂದಲೇ ಹೊರಟು ಬಾಗಿ ತುದಿಯತ್ತ ಸಾಗುತ್ತವೆ. ಮನಿ ಪ್ಲಾಂಟಿನಲ್ಲಿ ನಡುನರದ ಉದ್ದಕ್ಕೂ ಎರಡೂ ಕಡೆ ಸಮಾನಾಂತರವಾಗಿ ಕವಲೊಡೆಯುತ್ತವೆ. ಅಷ್ಟೆಲ್ಲ ಬೇಡವೆನ್ನುವ ಅಡಿಕೆ ತೋಟದವರು ಎಲೆ ಹಿಸುಕಿ ಮೂಸಿ ನೋಡುತ್ತಾರೆ. ಮನಿ ಪ್ಲಾಂಟಿಗೆ ಘಮವಿಲ್ಲ.

ಹೂವಿನ ವಿಷಯಕ್ಕೆ ಬಂದರೆ, ಅದು ಕೊನೆಗೂ ಬಂದದ್ದು ಬಳ್ಳಿಗೆ ಹೆಸರಿಟ್ಟು ಎಂಬತ್ತು ವರ್ಷವಾದ ಮೇಲೆ. ಅಮೆರಿಕದ ಮಿಯಾಮಿ ವಿಶ್ವವಿದ್ಯಾಲಯದಲ್ಲಿದ್ದ ಮನ್ರೋ ಬರ್ಡ್ಸೀ ಕೆಸುವಿನ ಕುಟುಂಬದ ಪರಿಣತರು. 1962ರ ಹೊತ್ತಿಗೆ ಹೂಬಿಟ್ಟ ಬಳ್ಳಿ ಅವರ ಕಣ್ಣಿಗೆ ಬಿತ್ತು. ದೋಣಿಯಂಥ ಹೊದಿಕೆ, ಅದರೊಳಗೆ ಒನಕೆಯಂಥ ದಂಡು, ದಂಡಿನ ಮೈತುಂಬ ಕಣ್ಣಿಗೆ ಹೂವೆಂದೇ ಕಾಣದ ಪುಟ್ಟ ಹೂಗಳು. ಇದು ಸಿಂಡಾಪ್ಸಸ್ ಅಲ್ಲ ಎಂಬುದು ಖಚಿತವಾಯಿತು. ಬರ್ಡ್ಸೀ ಇದನ್ನು ರಾಫಿಡೋಫೋರಾ ಕುಲಕ್ಕೆ ಸೇರಿಸಿದರು. ಅದೂ ಹೆಚ್ಚು ದಿನ ನಿಲ್ಲಲಿಲ್ಲ. ಮತ್ತೊಬ್ಬ ಅಮೆರಿಕನ್ ತಜ್ಞ ಜಾರ್ಜ್ ಬಂಟಿಂಗ್, ಮಿಸೌರಿ ಉದ್ಯಾನದ ವಾರ್ಷಿಕ ಪತ್ರಿಕೆಯ 1964ರಲ್ಲಿ ಹೊರಬಂದ ಸಂಚಿಕೆಯಲ್ಲಿ ಎಪಿಪ್ರೆಮ್ನಮ್ ಆರಿಯಮ್ ಎಂದು ಬರೆದರು. ಇಂದು ಶಾಸ್ತ್ರ ಒಪ್ಪುವ ಹೆಸರು ಇದೇ.

ಆದರೆ ನಡುವೆ ಇನ್ನೊಂದು ತಿರುವು ಬಂತು, ಮತ್ತು ಅದರಲ್ಲಿ ನಮ್ಮ ಹಾಸನಕ್ಕೆ ಪರಿಚಿತರಾದ ಒಬ್ಬರಿದ್ದಾರೆ. ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ಡಾನ್ ನಿಕಲ್ಸನ್ ಕೆಸುವಿನ ಕುಟುಂಬದ ಮೇಲೆ ಬದುಕಿಡೀ ಕೆಲಸ ಮಾಡಿದವರು. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಪಾದ್ರಿ ಹಾಗೂ ಸಸ್ಯಶಾಸ್ತ್ರಜ್ಞ ಸೆಸಿಲ್ ಸಲ್ಡಾನಾ ಅವರ ಜೊತೆ ಸೇರಿ 'ಫ್ಲೋರಾ ಆಫ್ ಹಾಸನ್ ಡಿಸ್ಟ್ರಿಕ್ಟ್' ಎಂಬ ದಪ್ಪ ಗ್ರಂಥವನ್ನು 1976ರಲ್ಲಿ ಹೊರತಂದವರು. ಬಿಸಿಲೆ, ಶಿರಾಡಿಯ ಘಟ್ಟದಿಂದ ಅರಸೀಕೆರೆಯ ಒಣನೆಲದವರೆಗಿನ ಒಂದೇ ಜಿಲ್ಲೆಯ ಗಿಡಗಳನ್ನು ಅಷ್ಟು ಕೂಲಂಕಷವಾಗಿ ದಾಖಲಿಸಿದ ಕೆಲಸ ಕರ್ನಾಟಕದಲ್ಲಿ ಅದಕ್ಕೆ ಮೊದಲು ಆಗಿರಲಿಲ್ಲ ಎಂದರೂ ನಡೆದೀತು. ಅದಾದ ಮೇಲೆ ಸುರೇಶ್ ಮತ್ತು ಮಣಿಲಾಲ್ ಅವರೊಂದಿಗೆ ಸೇರಿ, ಮುನ್ನೂರು ವರ್ಷ ಹಳೆಯ 'ಹೋರ್ಟಸ್ ಮಲಬಾರಿಕಸ್'ನ ಪ್ರತಿಯೊಂದು ಚಿತ್ರವೂ ಯಾವ ಗಿಡದ್ದು ಎಂದು ಗುರುತಿಸುವ ಗ್ರಂಥವನ್ನು ನಿಕಲ್ಸನ್ 1988ರಲ್ಲಿ ಪ್ರಕಟಿಸಿದರು. ಬರೀ ಚಿತ್ರದಲ್ಲಿ ಕಾಣುವ ಎಲೆ, ತೊಟ್ಟು, ಕಾಯಿ ನೋಡಿ ಹೆಸರು ಹೇಳುವ ಕಸರತ್ತು ಅದು.

ಇದೇ ನಿಕಲ್ಸನ್ 1978ರಲ್ಲಿ, ಮನಿ ಪ್ಲಾಂಟ್ ಪ್ರತ್ಯೇಕ ಪ್ರಭೇದವೇ ಅಲ್ಲ, ಏಷ್ಯಾದಿಂದ ಪೆಸಿಫಿಕ್ ದ್ವೀಪಗಳವರೆಗೆ ಹಬ್ಬಿರುವ ಎಪಿಪ್ರೆಮ್ನಮ್ ಪಿನ್ನಾಟಮ್ ಎಂಬ ಬಳ್ಳಿಯ ಒಂದು ಬಣ್ಣದ ತಳಿ ಅಷ್ಟೇ ಎಂದು ವಾದಿಸಿದರು. ಪಿನ್ನಾಟಮ್‌ಗೆ ಲಿನೇಯಸ್‌ನ ಕಾಲದಿಂದ ಹೆಸರಿದೆ. ಬೆಳೆದ ಎಲೆ ಗರಿಯಂತೆ ಸೀಳಿರುತ್ತದೆ, ನಡುನರದ ಪಕ್ಕ ಸೂಜಿ ಚುಚ್ಚಿದಂಥ ಸಣ್ಣ ತೂತುಗಳೂ ಕಾಣುತ್ತವೆ. ಹೂವಿನಲ್ಲಿ ಎರಡಕ್ಕೂ ಅಂಥ ಅಂತರವಿಲ್ಲದಿರುವಾಗ ಒಂದೇ ಮನೆಗೆ ಸೇರಿಸುವುದು ತರ್ಕಬದ್ಧವಾಗಿಯೇ ಇತ್ತು. ಹೂವಿನ ಮೇಲೆ ಅತಿಯಾದ ಭರವಸೆ ಇಟ್ಟರೆ ಏನಾಗುತ್ತದೆ ಎಂಬುದಕ್ಕೂ ಇದೇ ಉದಾಹರಣೆ ಎನ್ನಿಸುತ್ತದೆ. ಅರ್ಧ ಶತಮಾನ ಹೂವಿಲ್ಲದೆ ಬೇರೆ ಕುಲದಲ್ಲಿ ಕೂತಿದ್ದ ಬಳ್ಳಿ, ಹೂ ಸಿಕ್ಕಿದ್ದೇ ತಡ, ತನ್ನ ಪ್ರತ್ಯೇಕ ಹೆಸರನ್ನೇ ಕಳೆದುಕೊಳ್ಳುವ ಹಂತಕ್ಕೆ ಬಂತು.

ಅದನ್ನು ಮತ್ತೆ ಬೇರೆ ಮಾಡಿದವರು ಬ್ರಿಟಿಷ್ ತಜ್ಞ ಪೀಟರ್ ಬಾಯ್ಸ್. ಆಗ್ನೇಯ ಏಷ್ಯಾದ ಕಾಡುಗಳಲ್ಲಿ ಈ ಬಳ್ಳಿಗಳನ್ನು ಮರದ ಮೇಲೆ, ಪೂರ್ಣ ಬೆಳೆದ ರೂಪದಲ್ಲಿ ಕಂಡವರು. 2004ರಲ್ಲಿ ಕೆಸುವಿನ ಕುಟುಂಬಕ್ಕೇ ಮೀಸಲಾದ ಪತ್ರಿಕೆಯೊಂದರಲ್ಲಿ ಅವರು ಮನೆಗಳಲ್ಲಿ ಬೆಳೆಸುವ ಎಪಿಪ್ರೆಮ್ನಮ್‌ಗಳನ್ನೆಲ್ಲ ಪರಿಶೀಲಿಸಿ ಬರೆದರು. ಚಿನ್ನದ ಬಳ್ಳಿ ತನ್ನದೇ ಆದ ಪ್ರಭೇದ ಎಂಬುದು ಇಂದು ಸ್ವೀಕೃತ ಅಭಿಪ್ರಾಯ. ಅದರ ತವರು ಸಾಲೊಮನ್ ಅಲ್ಲ, ಪೆಸಿಫಿಕ್ ಸಾಗರದ ನಡುವಿನ ಮೂರಿಯಾ. ನಾದೋ ಹೆಸರಿಟ್ಟ ಮೂರಿಯೆನ್ಸ್ ಮತ್ತು ಲಿಂಡೆನ್ ಮಾರಿದ ಆರಿಯಸ್ ಒಂದೇ ಬಳ್ಳಿ. 1880 ಎಂಬುದು 1899ಕ್ಕಿಂತ ಮುಂಚಿನದ್ದಾದ್ದರಿಂದ ನಿಯಮದ ಪ್ರಕಾರ ವ್ಯಾಪಾರಿಗಳ ಪದ ಗೆದ್ದಿತು. ಸರಿಯಾದ ಕುಲವನ್ನು ಮೊದಲೇ ಹೇಳಿದ ವೈದ್ಯನ ಹೆಸರು ಸಮಾನಾರ್ಥಕಗಳ ಪಟ್ಟಿಗೆ ಸೇರಿತು.

ಪುಟ್ಟ ದ್ವೀಪವೊಂದರ ಬಳ್ಳಿ ಇಂದು ಶ್ರೀಲಂಕಾ, ಹವಾಯಿ, ಫ್ಲಾರಿಡಾಗಳ ಕಾಡಂಚುಗಳಲ್ಲಿ ಕಳೆಯಾಗಿ ಹಬ್ಬಿ ಮರಗಳನ್ನು ಮುಚ್ಚುತ್ತಿದೆ. ಬೀಜದ ನೆರವೇ ಇಲ್ಲದೆ. ಯಾರೋ ಕತ್ತರಿಸಿ ಎಸೆದ ತೋಟದ ಕಸವೇ ಅದಕ್ಕೆ ಸಾಕು. ನಮ್ಮಲ್ಲೂ ಬೇಲಿಯಾಚೆ ಎಸೆಯುವ ಮುನ್ನ ಎರಡು ಸಲ ಯೋಚಿಸಬೇಕಾದ ಗಿಡ ಇದು.

ಹೂವೇಕೆ ಬಿಡುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 2016ರಲ್ಲಿ. 1964ರ ನಂತರ ಈ ಬಳ್ಳಿ ತಾನಾಗಿ ಹೂಬಿಟ್ಟ ದಾಖಲೆ ಇಲ್ಲ. ಅಮೆರಿಕದ ನಾರ್ತ್ ಕೆರೊಲಿನಾದ ಸಂಶೋಧಕರ ತಂಡವೊಂದು ಕಂಡುಕೊಂಡಂತೆ, ಬಳ್ಳಿಯಲ್ಲಿ ಜಿಬ್ಬರೆಲಿನ್ ಎಂಬ ಬೆಳವಣಿಗೆಯ ಹಾರ್ಮೋನ್ ತಯಾರಿಸುವ ಒಂದು ಜೀನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಹಾರ್ಮೋನ್ ಇಲ್ಲದೆ, ಹೂ ಶುರು ಮಾಡುವ ಜೀನ್‌ಗಳು ಎಚ್ಚರಗೊಳ್ಳುವುದಿಲ್ಲ. ಹೊರಗಿನಿಂದ ಆ ಹಾರ್ಮೋನನ್ನು ಸಿಂಪಡಿಸಿದಾಗ ಬಳ್ಳಿ ಹೂಬಿಟ್ಟಿತು. ಎಂಗ್ಲರ್ ಕೈಗೆ ಸಿಗದ ಸಾಕ್ಷ್ಯ ಈಗ ಬೇಕೆಂದಾಗ ಸಿಗುತ್ತದೆ.

ಇದರ ಉಪಯೋಗ ಕುಲ ನಿರ್ಧಾರಕ್ಕಲ್ಲ, ಆ ಕೆಲಸ ಮುಗಿದಿದೆ. ಉಪಯೋಗವಿರುವುದು ವ್ಯಾಪಾರಕ್ಕೆ. ಇಷ್ಟು ವರ್ಷ ಹೊಸ ತಳಿ ಬಂದದ್ದೆಲ್ಲ ಹೂವಿನ ಸಂಕರದಿಂದಲ್ಲ, ಬಳ್ಳಿಯ ಯಾವುದೋ ಕವಲು ತಾನಾಗಿ ಬಣ್ಣ ಬದಲಿಸಿದ್ದರಿಂದ. ಬಿಳಿ ಎರಚಲಿನ ಮಾರ್ಬಲ್ ಕ್ವೀನ್, ಪೂರ್ತಿ ಎಳೆಹಳದಿಯ ನಿಯಾನ್ ಹೀಗೆ ಬಂದವು. ಮಾರ್ಬಲ್ ಕ್ವೀನ್‌ನಿಂದ ಇಂಡಿಯಾದ ನರ್ಸರಿಯೊಂದರಲ್ಲಿ ಹೊರಟ ಎನ್‌ಜಾಯ್ ಎಂಬ ಗಿಡ್ಡ ತಳಿಗೆ ಅಮೆರಿಕದಲ್ಲಿ ಪೇಟೆಂಟೂ ಸಿಕ್ಕಿತು. ಪೇಟೆಂಟಿನ ಅವಧಿಯಲ್ಲಿ ಅನುಮತಿಯಿಲ್ಲದೆ ಅದರ ತುಂಡು ನೆಟ್ಟು ಬೆಳೆಸುವುದು ಅಲ್ಲಿನ ಕಾನೂನಿನ ಪ್ರಕಾರ ತಪ್ಪು. ಹಾರ್ಮೋನ್ ಸಿಂಪಡಿಸಿ ಹೂ ಬಿಡಿಸುವ ದಾರಿ ತೆರೆದಿರುವುದರಿಂದ ಇನ್ನು ಮುಂದೆ ಪರಾಗ ಹಾಕಿ ತಳಿ ಕೂಡಿಸುವ ಪ್ರಯತ್ನಕ್ಕೂ ಅವಕಾಶವಿದೆ. ಅಂಗಡಿಯ ಚೀಟಿಗಳಲ್ಲಿ ಮಾತ್ರ ಲಿಂಡೆನ್ ಮತ್ತು ಆಂದ್ರೇ 1880ರಲ್ಲಿ ಬರೆದ ಪೋಥೋಸ್ ಇನ್ನೂ ಬದಲಾಗಿಲ್ಲ.